ಆನೆ ತಿರುವಿನಲ್ಲಿ ಹದಿನೈದಡಿ ಲಾರಿ

ಆಗ ನನಗೆ ಮೂವತ್ನಾಲ್ಕು. ಅದಾಗಿ ನಲವತ್ತು ವರ್ಷ ದಾಟಿದೆ. ಕೊಡಗು ಇನ್ನೂ ಮೈಸೂರಿಗೆ ಸೇರಿರಲಿಲ್ಲ, ತನ್ನಷ್ಟಕ್ಕೆ ಒಂದು ರಾಜ್ಯವಾಗಿತ್ತು. ನಾನು ಕುಶಾಲನಗರದ ಹತ್ತಿರ ಎಂಟು ಗಾಡಿ, ಎಂಟು ಜೊತೆ ಎತ್ತು ಇಟ್ಟುಕೊಂಡು ಬಾಡಿಗೆ ಹೊಡೆಸುತ್ತಿದ್ದೆ. ಗಂಡ ಸತ್ತಾಗ ಎಲ್ಲ ಮಾರಿಬಿಡು ಎಂದವರು ಬಹಳ ಜನ. ಮಾರಿ ಕೂತರೆ ಮಾಡುವುದೇನು? ಮಾರಲಿಲ್ಲ.

ನಮಗೆ ಎರಡು ಬಗೆಯ ಕೆಲಸವಿತ್ತು. ಒಂದು, ಬೆಟ್ಟದ ಮೇಲಿನ ಎಸ್ಟೇಟಿನಿಂದ ಕಿತ್ತಳೆ, ಕಾಫಿ ಇಳಿಸುವುದು. ಇನ್ನೊಂದು, ಕೊಯ್ಲಿಲ್ಲದ ದಿನಗಳಲ್ಲಿ ಕಾಡಿನ ದಿಮ್ಮಿ ಸಾಗಿಸುವುದು. ಎರಡಕ್ಕೂ ದಾರಿ ಒಂದೇ. ಆ ದಾರಿಯಲ್ಲಿ ಹೊಳೆಯ ಪಕ್ಕ ಒಂದು ಕೆಟ್ಟ ತಿರುವು ಇತ್ತು. ತಿರುವಿನ ಹೊರಗಡೆ ಬಂಡೆ, ಒಳಗಡೆ ಪ್ರಪಾತ, ಕೆಳಗೆ ಕಾವೇರಿ. ಆನೆ ತಿರುವು ಎಂದು ಅದರ ಹೆಸರು.

ಕಾಲ ಬದಲಾಗುತ್ತಿತ್ತು. ಎಸ್ಟೇಟಿನ ಮ್ಯಾನೇಜರ್ ಕರೆದು, ಮುಂದಿನ ಕಿತ್ತಳೆ ಕೊಯ್ಲಿಗೆ ಲಾರಿ ತಂದರೆ ಸಾಗಣೆ ನಿನ್ನದು, ಇಲ್ಲದಿದ್ದರೆ ಮಡಿಕೇರಿಯ ಲಾರಿಯವರದು ಎಂದುಬಿಟ್ಟ. ನಾಲ್ಕು ಜೊತೆ ಎತ್ತು ಮಾರಿ ಮೈಸೂರಿನ ಅಂಗಡಿಯಲ್ಲಿ ಹೊಸ ಲಾರಿಗೆ ಆರ್ಡರ್ ಕೊಟ್ಟೆ. ಎತ್ತು ಹೋದ ನಾಲ್ಕು ಮಂದಿ ಗಾಡಿಯವರು, ಲಾರಿ ಬಂದ ಮೇಲೆ ಲೋಡು ಹಾಕಲು ಬರುತ್ತೇವೆ ಎಂದು ಕೂಲಿಯಿಲ್ಲದೆ ಕಾದು ಕೂತರು.

ಲಾರಿ ಕೊಳ್ಳುವುದು ಎಂದರೆ ಆಗ ಚಾಸಿ ಕೊಳ್ಳುವುದು. ಎಂಜಿನ್, ಚಕ್ರ, ಸ್ಟೀರಿಂಗ್ ಇರುವ ಬೋಳು ಅಸ್ಥಿಪಂಜರ ಅದು. ಮರದ ಬಾಡಿಯನ್ನು ಬಡಗಿಯಿಂದ ನಾವೇ ಕಟ್ಟಿಸಬೇಕು, ಮೂರು ವಾರ ಹಿಡಿಯುತ್ತದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ದೂರಕ್ಕೆ ವೀಲ್‌ಬೇಸ್ ಎನ್ನುತ್ತಾರೆ. ನಾನು ಕೇಳಿದ್ದು ಹನ್ನೊಂದಡಿಯದು. ಅಂಥದೇ ಒಂದು ಲಾರಿ ಒಮ್ಮೆ ಆನೆ ತಿರುವು ದಾಟಿದ್ದನ್ನು ಜನ ನೋಡಿದ್ದರು.

ಎರಡು ತಿಂಗಳಲ್ಲಿ ಬರಬೇಕಾದ ಚಾಸಿ ಏಳು ತಿಂಗಳಾದರೂ ಬರಲಿಲ್ಲ. ಕೊಯ್ಲಿಗೆ ಇನ್ನು ಒಂದು ತಿಂಗಳಿದೆ ಎನ್ನುವಾಗ ಅಂಗಡಿಯಿಂದ ಇಂಗ್ಲಿಷಿನಲ್ಲಿ ಕಾಗದ ಬಂತು. ನನಗೆ ಕನ್ನಡದಲ್ಲೇ ಅಕ್ಷರ ಕೂಡಿಸಿ ಓದುವುದು ಕಷ್ಟ. ಎಸ್ಟೇಟಿನ ರೈಟರ್ ನಂಬಿಯಾರ್ ಹತ್ತಿರ ಹೋದೆ. ಎಸ್ಟೇಟಿನಲ್ಲಿ ಲೆಕ್ಕ, ಕಾಗದ ಪತ್ರ ಬರೆಯುವವನಿಗೆ ರೈಟರ್ ಎನ್ನುತ್ತಾರೆ. ತಲಶ್ಶೇರಿ ಕಡೆಯ ಮನುಷ್ಯ, ನನ್ನನ್ನು ಅಕ್ಕ ಎನ್ನುವ ಬದಲು ಅವರ ಭಾಷೆಯಲ್ಲಿ ಚೇಚಿ ಎನ್ನುತ್ತಿದ್ದ. ನನ್ನ ಮೈದುನ ರಂಗನೂ ಜೊತೆಗೆ ಬಂದ. ಯುದ್ಧಕಾಲದಲ್ಲಿ ಮಿಲಿಟರಿ ಲಾರಿ ಓಡಿಸಿದವನು, ನಮ್ಮ ಲಾರಿಗೂ ಅವನೇ ಡ್ರೈವರ್ ಎಂದು ಆಗಿತ್ತು.

ನಂಬಿಯಾರ್ ಓದಿ ಹೇಳಿದ್ದು ಇಷ್ಟು. ಹನ್ನೊಂದಡಿಯದು ಯಾವಾಗ ಬರುತ್ತದೋ ಹೇಳಲಾಗದು. ಹದಿನೈದಡಿಯದು ಅಂಗಡಿಯಲ್ಲೇ ನಿಂತಿದೆ. ಆರ್ಡರ್ ಬದಲಾಯಿಸುವುದಾದರೆ ವಾರದಲ್ಲಿ ಕೊಡುತ್ತೇವೆ, ಬೇಗ ತಿಳಿಸಿ.

"ಇನ್ನೇನ್ ಬೇಕು ಅತ್ಗೆ?" ರಂಗ ಕುಣಿದ. "ಲೋಡೂ ಜಾಸ್ತಿ ಹಿಡಿಯುತ್ತೆ. ಬರ್ಮಾ ಗಡೀಲಿ ಇದರಪ್ಪನಂಥಾ ಲಾರಿ ಓಡ್ಸಿದೀನಿ ನಾನು."

"ಅಲ್ಲಿ ರೋಡ್ ಮಾಡ್ದೋರು ಯಾರೋ?"

"ಮಿಲಿಟ್ರಿಯೋರು."

"ಇಲ್ಲಿ ಮಾಡ್ದೋರು ಕತ್ತೆ ಕಾಯೋರು. ತಿರುವಲ್ಲಿ ಹಿಡಿಯುತ್ತಾ ಅದು?"

"ಮೂವತ್ತಡಿ ದಿಮ್ಮಿ ದಾಟುತ್ತೆ, ಹದಿನೈದಡಿ ಲಾರಿ ದಾಟಲ್ವಾ? ನೀವೇ ಗಾಡಿ ಹೊಡೆಸ್ತೀರಿ, ನಂಗೇ ಕೇಳ್ತೀರಲ್ಲ!"

ಅವನ ಮಾತು ನನಗೆ ಸರಿ ಕಂಡಿತು. ಹನ್ನೆರಡು ವರ್ಷ ನಮ್ಮ ದಿಮ್ಮಿಗಳು ಆ ತಿರುವು ದಾಟಿದ್ದವು. ಒಂದೂ ಹೊಳೆಗೆ ಬಿದ್ದಿರಲಿಲ್ಲ.

"ಚೇಚಿ, ಬರೆಯಲಾ?" ಎಂದ ನಂಬಿಯಾರ್. "ಒಮ್ಮೆ ಬದಲಾಯಿಸಿದರೆ ಹಳೆ ಆರ್ಡರ್ ಹೋಯಿತು, ಕೇಟ್ಟೋ, ಕೇಳಿತಾ? ಆಮೇಲೆ ನನ್ನನ್ನು ಬೈಯಬಾರದು."

"ಬೈಯೋದು ಹೆಂಗೂ ಬೈತೀನಿ. ಬರೀರಿ."

ಬರೆದ. ಸಹಿ ಹಾಕಿದೆ. ಮಧ್ಯಾಹ್ನದ ಬಸ್ಸಿನವನ ಕೈಗೆ ಕೊಟ್ಟರೆ ಮರುದಿನ ಮೈಸೂರು ತಲುಪುತ್ತದೆ ಎಂದು ಕಾಗದವನ್ನು ಮಡಿಲಿಗೆ ಸಿಕ್ಕಿಸಿಕೊಂಡು ಒಬ್ಬಳೇ ಬೆಟ್ಟ ಇಳಿದೆ. ರಂಗ ಸಂತೋಷಕ್ಕೆ ಎಸ್ಟೇಟಿನ ಲೈನಿನಲ್ಲಿ, ಕೂಲಿಯವರ ಸಾಲುಮನೆಗಳಲ್ಲಿ, ಕಾಫಿ ಕುಡಿಯುತ್ತಾ ಉಳಿದ.

ಇಲ್ಲಿ ನಮ್ಮ ಕೆಲಸದ ಒಂದು ಪದ್ಧತಿ ಹೇಳಬೇಕು. ದಿಮ್ಮಿ ಗಾಡಿ ಎಂದರೆ ಮುಂದೊಂದು ಜೊತೆ ಗಾಲಿ, ಹಿಂದೊಂದು ಜೊತೆ ಗಾಲಿ, ನಡುವೆ ದಿಮ್ಮಿಯೇ ಗಾಡಿಯ ಮೈ. ಆನೆ ತಿರುವಿಗೆ ಬಂದಾಗ ದುಬಾರೆ ಶಿಬಿರದ ಆನೆಯೊಂದು ಅದನ್ನು ದಾಟಿಸಿಕೊಡುತ್ತಿತ್ತು. ಆನೆ ಕಂಡರೆ ಎತ್ತು ನೊಗ ಮುರಿದು ಓಡುತ್ತವೆ. ಅದಕ್ಕೇ ತಿರುವಿಗೆ ಮೊದಲೇ ಎತ್ತು ಬಿಚ್ಚಿ, ಬಿದಿರು ಮೆಳೆಯ ಆಚೆಗೆ ಹೊಡೆದುಕೊಂಡು ಹೋಗಿ, ಆನೆಯ ವಾಸನೆಯೂ ತಾಗದಂತೆ ಮುಖ ಅತ್ತ ತಿರುಗಿಸಿ ನಿಲ್ಲಿಸುವುದು ಕ್ರಮ. ಕೂಗು ಕೇಳಿದ ಮೇಲೆ ಬಂದು ಮತ್ತೆ ಕಟ್ಟುವುದು. ಅಂದರೆ ನಾವು ಗಾಡಿಯವರು ಯಾರೂ ಆನೆ ಅಲ್ಲಿ ಏನು ಮಾಡುತ್ತದೆ ಎಂದು ಕಂಡವರೇ ಅಲ್ಲ. ತಿರುವಿನಲ್ಲಿರುವ ಸಣ್ಣ ಏರಿಗೆ ನೂಕಿಕೊಡುತ್ತದೆ ಎಂದುಕೊಂಡಿದ್ದೆವು. ಆವತ್ತು ನನ್ನ ಕೈಯಲ್ಲಿ ಎತ್ತಿನ ಹಗ್ಗ ಇರಲಿಲ್ಲ, ಮಡಿಲಲ್ಲಿ ಕಾಗದ ಮಾತ್ರ ಇತ್ತು.

ನಾನು ತಿರುವಿಗೆ ಬರುವ ಹೊತ್ತಿಗೆ ನಮ್ಮದೇ ಒಂದು ದಿಮ್ಮಿ ಬಂದು ನಿಂತಿತ್ತು. ಗಾಡಿಯವನು ಎತ್ತು ಹೊಡೆದುಕೊಂಡು ಮರೆಗೆ ಹೋಗಿದ್ದ. ಶಿಬಿರದ ಇಬ್ಬರು ಆಳುಗಳು ಮುಂದೆ ನೊಗ ಕಟ್ಟುವ ಮೂಕಿಮರ ಹಿಡಿದಿದ್ದರು. ನಾನು ಬಂಡೆ ಹತ್ತಿ ಕೂತೆ. ಭದ್ರ ಬಂದ. ದೊಡ್ಡ ದಂತದ ಆನೆ, ಒಂದು ದಂತದ ತುದಿ ಮುರಿದಿತ್ತು. ಮೇಲೆ ಮಾವುತ ಕಾಳ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ.

ಭದ್ರ ಹಿಂದಿನಿಂದ ಹಣೆ ಕೊಟ್ಟು ನೂಕಿದ. ದಿಮ್ಮಿ ತಿರುವಿನೊಳಗೆ ನುಗ್ಗಿತು. ಮುಂದಿನ ಗಾಲಿ ಬಂಡೆಯ ಬದಿ ಹಿಡಿದು ಸರಿಯಾಗಿಯೇ ಹೋಗುತ್ತಿತ್ತು. ಹಿಂದಿನ ಗಾಲಿ ಮಾತ್ರ ಅದರ ಜಾಡಿನಲ್ಲಿ ಬರದೆ ಒಳಕ್ಕೆ, ಹೊಳೆಯ ಕಡೆಗೆ ಸರಿಯತೊಡಗಿತು. ಅಂಚಿನ ಮಣ್ಣು ಉದುರಿ ನೀರಿಗೆ ಬಿದ್ದ ಸದ್ದು ಕೇಳಿತು. ಕಾಳ ತಲೆಯೆತ್ತಲಿಲ್ಲ, ಒಂದು ಮಾತೂ ಆಡಲಿಲ್ಲ.

ಭದ್ರ ತಾನೇ ನಿಂತ. ಸೊಂಡಿಲು ಇಳಿಸಿ ಗಾಲಿಯ ಪಕ್ಕದ ನೆಲ ಮುಟ್ಟಿ ನೋಡಿದ, ನಾವು ಕತ್ತಲಲ್ಲಿ ಹೊಸಿಲು ತಡವುವ ಹಾಗೆ. ಆಮೇಲೆ ಎರಡು ದಂತಗಳನ್ನೂ ದಿಮ್ಮಿಯ ಬಾಲಕ್ಕೆ ಕೊಟ್ಟು, ಸೊಂಡಿಲು ಸುತ್ತಿ, ಎತ್ತಿದ. ಹತ್ತು ಆಳು ಅಲುಗಿಸಲಾರದ ತೇಗದ ದಿಮ್ಮಿ, ಗಾಲಿ ಸಮೇತ ನೆಲ ಬಿಟ್ಟಿತು. ಒಂದು ಹೆಜ್ಜೆ ಬಂಡೆಯ ಕಡೆಗೆ ಸರಿದು ಇಳಿಸಿದ. ಕಂಚಿನ ತಟ್ಟೆ ಇಟ್ಟಷ್ಟು ಮೆಲ್ಲಗೆ. ಮತ್ತೆ ನೂಕಿದ, ಮತ್ತೆ ತಾನೇ ನಿಂತ, ಮತ್ತೆ ಎತ್ತಿದ. ಹೀಗೆ ಮೂರು ಸಲ. ನಾನು ಬಾಯಿಗೆ ಸೆರಗು ಹಿಡಿದು ಕೂತಿದ್ದೆ. ದೇವಸ್ಥಾನದಲ್ಲಿ ಎಷ್ಟೋ ಸಲ ಕೈ ಮುಗಿದಿದ್ದೇನೆ, ಅಭ್ಯಾಸಕ್ಕೆ. ಆವತ್ತು ಕೈ ತಾನಾಗಿ ಮುಗಿಯಿತು.

ದಿಮ್ಮಿ ದಾಟಿದ ಮೇಲೆ ಕಾಳನನ್ನು ಕೇಳಿದೆ. "ದಿನಾ ಹಿಂಗೇನಾ?"

"ಹೂಂ ಅವ್ವಾ. ಮತ್ತೆ ನಿಮ್ ಎತ್ತು ದಾಟಿಸ್ತಾವಾ?" ಎಂದು ನಕ್ಕ.

"ಇವನಿಗೆ ಹೇಳಿಕೊಟ್ಟೋರು ಯಾರು?"

"ಯಾರೂ ಇಲ್ಲ. ನಂಗೇ ಇವನು ಹೇಳಿಕೊಟ್ಟ. ಮೊದ್ಲು ಎಲ್ಲಿ ನಿಲ್ಬೇಕು ಅಂತ ನಾನು ಕಿರುಚ್ತಿದ್ದೆ, ಇವನು ಕೇಳ್ತಿರ್ಲಿಲ್ಲ. ಈಗ ಎಲೆ ಹಾಕ್ಕಂಡು ಕೂತ್ಕಂತೀನಿ."

"ಎತ್ತದೆ ಬಿಟ್ರೆ?"

ಕಾಳ ಎಲೆ ಉಗಿದು ಗದ್ದದಿಂದ ಹೊಳೆಯನ್ನು ತೋರಿಸಿದ.

ದಿಮ್ಮಿ ಮೂವತ್ತಡಿ ನಿಜ. ಗಾಲಿಯಿಂದ ಗಾಲಿಗೆ ಎಷ್ಟು? ಓಡಿಹೋಗಿ ಮೊಳ ಹಾಕಿದೆ. ಹತ್ತು ಮೊಳ, ಹದಿನೈದಡಿ. ಉಳಿದದ್ದು ಹಿಂದೆ ಮುಂದೆ ಚಾಚಿಕೊಂಡಿತ್ತು. ಅಂಗಡಿಯವರು ಕೊಡುತ್ತೇವೆಂದ ಲಾರಿಯೂ ಅಷ್ಟೇ. ಲಾರಿಯ ಬಾಲ ಎತ್ತುವವರು ಯಾರು? ತಿರುವಿಗೆ ವಾಪಸು ಬಂದು ಹಸಿ ಮಣ್ಣಿನಲ್ಲಿ ಗಾಲಿಯ ಗೆರೆ ನೋಡಿದೆ. ಮೂರು ಕಡೆ ಗೆರೆ ತುಂಡಾಗಿ ಪಕ್ಕಕ್ಕೆ ಹಾರಿತ್ತು. ಒಂದು ಕಡೆ ಗೆರೆಗೂ ಪ್ರಪಾತಕ್ಕೂ ನಡುವೆ ನನ್ನ ಅಂಗೈ ಹಿಡಿಯಲಿಲ್ಲ. ಮಡಿಲಲ್ಲಿದ್ದ ಕಾಗದ ಹೋಗಿದ್ದರೆ ರಂಗನನ್ನು ಲಾರಿಯಲ್ಲಿ ಕೂರಿಸಿ ನಾನೇ ಹೊಳೆಗೆ ನೂಕಿದಂತಾಗುತ್ತಿತ್ತು.

ಕೆಳಗೆ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿತು. ಇಳಿಯಲಿಲ್ಲ. ಮೇಲಕ್ಕೆ ಹತ್ತಿದೆ.

"ಕಾಗದ ಹರೀರಿ," ಎಂದೆ ನಂಬಿಯಾರಿಗೆ. "ಹನ್ನೊಂದಡಿಯದೇ ಬೇಕು, ಕಾಯ್ತೀನಿ ಅಂತ ಬರೀರಿ."

"ಅಯ್ಯೋ ಚೇಚಿ, ಕೊಯ್ಲು? ಮ್ಯಾನೇಜರಿಗೆ ಏನು ಹೇಳುವುದು?"

"ನಂದು ಲಾರಿ ಬರಲ್ಲ. ಮಡಿಕೇರಿಯೋರು ಉದ್ದಂದು ತಂದ್ರೆ ಕಿತ್ತಳೆ ಜೊತೆಗೆ ಡ್ರೈವರೂ ಹೊಳೇಲಿ ಸಿಕ್ತಾನೆ ಅಂತ ಹೇಳಿ. ನಂಬದಿದ್ರೆ ಟೇಪು ತರ್ಲಿ."

ರಂಗ ಮಾತ್ರ ಕೆಂಡವಾದ. "ಏಳು ತಿಂಗ್ಳು ಕಾದು, ಒಂದಾನೆ ಕಂಡು ಹೆದರ್ಕಂಡ್ರಾ? ನಾನೂ ಡ್ರೈವರ್ ಕಣ್ ಅತ್ಗೆ!"

"ಇರಬೋದು. ಹಿಂದಿಂದ ಎತ್ತೋದು ಬರುತ್ತಾ ನಿಂಗೆ?"

ಆ ಸಂಜೆ ಅವನು ಊಟಕ್ಕೆ ಬರಲಿಲ್ಲ.

ಮುಂದಾದದ್ದನ್ನು ಹೇಳಿಬಿಡುತ್ತೇನೆ. ಮ್ಯಾನೇಜರ್ ಟೇಪು ತಂದ, ಅಳೆದ, ತಲೆ ಕೆರೆದುಕೊಂಡ. ಮಡಿಕೇರಿಯವರ ಲಾರಿಗಳೂ ಉದ್ದದವೇ ಆಗಿದ್ದರಿಂದ ಆ ವರ್ಷ ಕಿತ್ತಳೆ ಗಾಡಿಯಲ್ಲೇ ಇಳಿಯಿತು. ನನ್ನ ಹತ್ತಿರ ನಾಲ್ಕೇ ಜೊತೆ ಎತ್ತು ಉಳಿದಿದ್ದರಿಂದ ಅರ್ಧ ಸಾಗಣೆ ಬೇರೆಯವರ ಪಾಲಾಯಿತು. ಕಾದು ಕೂತವರಲ್ಲಿ ಇಬ್ಬರು ಬೇರೆ ಕಡೆ ಕೂಲಿಗೆ ಹೋದರು, ಮತ್ತೆ ಬರಲಿಲ್ಲ. ಲಾರಿ ಬಂದದ್ದು ಮುಂಗಾರಿನ ಹೊತ್ತಿಗೆ. ರಂಗ ಅದನ್ನು ಹತ್ತೊಂಬತ್ತು ವರ್ಷ ಆ ತಿರುವಿನಲ್ಲಿ ಓಡಿಸಿದ. ಎರಡು ಸಲ ಬಂಡೆಗೆ ಕೆರೆದ, ಅಷ್ಟೇ.

ಗಾಡಿ ಕೆಲಸ ನನಗೆ ಕಲಿಸಿದ್ದು ಒಂದೇ. ದಿನವೂ ಓಡಾಡುವ ದಾರಿಯಲ್ಲೂ ನಾವು ಮುಖ ತಿರುಗಿಸಿ ದಾಟುವ ಜಾಗ ಒಂದಿರುತ್ತದೆ. ಲೆಕ್ಕ ತಪ್ಪುವುದು ಅಲ್ಲೇ.

ಕಾಗದ ಹರಿಸಿದ ಮರುದಿನ ಬೆಳಿಗ್ಗೆ ದಿಮ್ಮಿ ಗಾಡಿಯ ಜೊತೆ ನಾನೇ ಹೊರಟೆ, ರಂಗನನ್ನೂ ಬೈದು ಎಬ್ಬಿಸಿಕೊಂಡು ಹೋದೆ. ತಿರುವಿನ ಹತ್ತಿರ ಎತ್ತು ಬಿಚ್ಚಿದೆವು. ಮೇಲಿನಿಂದ ಭದ್ರ ಇಳಿದು ಬರುವ ಸರಪಣಿಯ ಸದ್ದು ಕೇಳಿಸಿತು. ರಂಗ ಗಾಡಿಯವರ ಕ್ರಮದಂತೆ ಎತ್ತಿನ ಹಗ್ಗಕ್ಕೆ ಕೈ ಚಾಚಿದ. ನಾನು ಕೊಡಲಿಲ್ಲ.

"ಇವತ್ತು ಎತ್ತು ನಾನ್ ಹಿಡ್ಕತೀನಿ. ನೀನು ಆ ಬಂಡೆ ಮೇಲೆ ಕೂತು ನೋಡು," ಎಂದು ಹೇಳಿ, ಎತ್ತು ಹೊಡೆದುಕೊಂಡು ಬಿದಿರು ಮೆಳೆಯ ಆಚೆಗೆ ಹೋದೆ.