ಆಯಿಯ ಕಣಕ, ಭೀಮಿಯ ಗಾಳ

ಗೋಧಿ ಹಿಟ್ಟಿಗೆ ಬೆಲ್ಲದ ನೀರು ಬಿದ್ದಾಗ ಏಳುವ ಹಸಿ ವಾಸನೆ ಇದೆಯಲ್ಲ, ಅದು ಮೂಗಿಗೆ ಬಂದರೆ ಸಾಕು, ನಾನು ಇದ್ದಲ್ಲಿ ಇರುವುದಿಲ್ಲ. ನನ್ನ ಅಡುಗೆಮನೆ ಲಿಂಗಂಪಲ್ಲಿಯ ಐದನೇ ಮಹಡಿಯಲ್ಲಿದೆ, ಕಿಟಕಿಯಾಚೆ ಕಾಣುವುದು ಎದುರು ಮನೆಯವರು ಒಣಹಾಕಿದ ಬಟ್ಟೆ. ಆದರೂ ಕೈ ಹಿಟ್ಟು ನಾದುತ್ತಿದ್ದರೆ ಪಾದಕ್ಕೆ ಕೆರೆಯ ಕಲ್ಲಿನ ತಂಪು ತಾಗುತ್ತದೆ, ಪಾಚಿಯ ನಾತ ಬರುತ್ತದೆ. ಮೊನ್ನೆ ಅಮಾವಾಸ್ಯೆಯ ಬೆಳಿಗ್ಗೆ ಹೀಗೇ ಆಯಿತು. "ಅಮ್ಮ, ಚಪಾತಿಗ್ಯಾಕ ಬೆಲ್ಲ ಹಾಕ್ಲಿಕತ್ತಿ?" ಎಂದು ಮಗಳು ಕೇಳಿದಾಗಲೇ ನನಗೆ ಎಚ್ಚರವಾದದ್ದು. ಅವಳ ಡಬ್ಬಿಗೆ ಮೊಸರನ್ನ ಕಲಸಿಕೊಟ್ಟೆ. ಹಿಟ್ಟನ್ನು ಮಾತ್ರ ಎಸೆಯಲಿಲ್ಲ. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ, ಈಗ ಇಲ್ಲದ ಒಂದು ಮನೆಗೆ ಕೈಹಿಡಿದು ಕರೆದುಕೊಂಡು ಹೋಗುವಂಥದ್ದು.

ನಮ್ಮ ಆ ಮನೆ ಕೆರೆಯ ಏರಿಯ ಕೆಳಗೇ ಇತ್ತು. ಅಪ್ಪ ನೌಕರಿಗೆಂದು ಕಲಬುರಗಿಯಿಂದ ಬಂದವರು. ಆಗ ಈ ಕಡೆಯೆಲ್ಲ ಬಂಡೆ, ಸೀತಾಫಲದ ಗಿಡ, ಅಲ್ಲೊಂದು ಇಲ್ಲೊಂದು ಮನೆ. ನಮ್ಮದು ಹೆಂಚಿನದು, ಅಂಗಳದಲ್ಲಿ ಒಂದು ಬೇವಿನ ಮರ, ಬಚ್ಚಲಲ್ಲಿ ಮಸಿ ಹಿಡಿದ ತಾಮ್ರದ ಹಂಡೆ. ಅಂಗಳ ದಾಟಿದರೆ ತೆಲುಗು, ಹಿಂದಿ. ಹೊಸ್ತಿಲೊಳಗೆ ಮಾತ್ರ ಕನ್ನಡ, ಅದೂ ಆಯಿಯ ಗಟ್ಟಿ ಗಂಟಲಿನ ಕನ್ನಡ. ಆಯಿ ಎಂದರೆ ಅಪ್ಪನ ತಾಯಿ. ಬಿಸ್ಕಿಟಿನಲ್ಲಿ ಮೊಟ್ಟೆ ಇದ್ದೀತೆಂದು ಬೇಕರಿಯ ಮುಂದೆ ಮೂಗಿಗೆ ಸೆರಗು ಹಿಡಿದು ನಡೆಯುವಾಕೆ. ಕೆರೆಯೊಳಗೆ ಉದ್ದಕ್ಕೆ ಚಾಚಿಕೊಂಡ ಒಂದು ಕಲ್ಲುಕಟ್ಟೆ ಇತ್ತು, ಯಾರೋ ಜಾಗೀರ್ದಾರರು ದೋಣಿ ಹತ್ತಲಿಕ್ಕೆ ಕಟ್ಟಿಸಿದ್ದಂತೆ. ದೋಣಿ ಹೋಗಿ ಎಷ್ಟೋ ಕಾಲವಾಗಿತ್ತು, ಜಾಗೀರ್ದಾರರೂ ಹೋಗಿದ್ದರು, ಕಟ್ಟೆ ಆಯಿಯ ಪಾಲಿಗೆ ಬಂದಿತ್ತು. ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಬೆಲ್ಲ ಹಾಕಿ ನಾದಿದ ಕಣಕವನ್ನು ಗೋಲಿಯಷ್ಟು ಉಂಡೆ ಮಾಡಿ, ಕಟ್ಟೆಯ ಕೊನೆಯ ಮೆಟ್ಟಿಲಲ್ಲಿ ಕೂತು ಮೀನಿಗೆ ಹಾಕುತ್ತಿದ್ದಳು. ಅದು ಅವಳ ನೇಮ. ಮೀನುಗಳಿಗೆಲ್ಲ ಹೆಸರಿಟ್ಟಿದ್ದಳು. ಬಾಲ ಹರಿದ ದೊಡ್ಡ ಮೀನೊಂದರ ಹೆಸರು ಪಾರವ್ವ. "ಬಂದ್ಲು ನೋಡು ಪಾರವ್ವ, ಎಲ್ಲಾರ್ನೂ ದೂಡಿಕೋತ! ಒಂದು ಚೂರು ನಾಚಿಕಿ ಇಲ್ಲ ಈಕಿಗೆ," ಎಂದು ಬೈಯುತ್ತಲೇ ಅವಳಿಗೆ ಎರಡು ಉಂಡೆ ಹೆಚ್ಚು ಹಾಕುತ್ತಿದ್ದಳು.

ಭೀಮಿ ನನ್ನ ಗೆಳತಿ, ಹೊಸ್ತಿಲಾಚೆಯೂ ನನ್ನ ಜೊತೆ ಕನ್ನಡ ಆಡುವವಳು. ಭೀಮವ್ವ ಎಂದು ಪೂರ್ತಿ ಹೆಸರು, ವಯಸ್ಸು ನನ್ನಷ್ಟೇ, ಹತ್ತು. ಕೆರೆಯ ಆಚೆ ಬದಿಯಲ್ಲಿ ಕಟ್ಟಡದ ಕೆಲಸದವರ ತಗಡಿನ ಶೆಡ್ಡುಗಳಿದ್ದವು, ಅಲ್ಲಿರುತ್ತಿದ್ದಳು. ಅವಳಪ್ಪ ಸಾಬಣ್ಣ ಭೀಮಾ ನದಿಯಲ್ಲಿ ದೋಣಿ ನಡೆಸಿದವನು, ಇಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ಅವಳಿಗೆ ಈಜು ಬರುತ್ತಿತ್ತು, ಸಿಳ್ಳೆ ಬರುತ್ತಿತ್ತು, ಹಲ್ಲಿನ ಸಂದಿಯಿಂದ ಉಗುಳಿದರೆ ನಾಲ್ಕು ಮಾರು ದೂರ ಬೀಳುತ್ತಿತ್ತು. ನನಗೆ ಇದ್ಯಾವುದೂ ಬರುತ್ತಿರಲಿಲ್ಲ. ಸಮುದ್ರವನ್ನು ಇಬ್ಬರೂ ನೋಡಿರಲಿಲ್ಲ. ಚಳಿಗಾಲದ ಬೆಳಿಗ್ಗೆ ಮಂಜು ಬಿದ್ದು ಆಚೆ ದಡ ಕಾಣದಾದರೆ, "ಇವತ್ತ ಸಮುದ್ರ ಬಂದೈತಿ," ಎಂದು ಭೀಮಿ ಹೇಳುವಳು, ನಾನು ನಂಬುವೆನು.

ಅಂಥ ಒಂದು ಭಾನುವಾರ. ಆಯಿ, ಅಪ್ಪ ಅಮ್ಮನ ಜೊತೆ, ಅಮೀರ್‌ಪೇಟೆಯಲ್ಲಿ ನೆಂಟರ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹೊರಟಿದ್ದಳು. ಹೋಗುವ ಮುಂಚೆ ಕಣಕದ ಡಬ್ಬಿಯನ್ನು ನನ್ನ ಕೈಗಿಟ್ಟು, "ಇವತ್ತೊಂದಿನ ನೀ ಹಾಕು. ನೀನ ತಿಂದಗಿಂದಿ ಮತ್ತ!" ಎಂದಳು. ನಾನು ಕಟ್ಟೆಗೆ ಬಂದರೆ ಭೀಮಿ ಆಗಲೇ ಅಲ್ಲಿ ಕೂತಿದ್ದಾಳೆ. ಪಕ್ಕದಲ್ಲಿ ಬಕೀಟು, ಕೈಯಲ್ಲಿ ಬಿದಿರು ಕೋಲು. ಅದಕ್ಕೆ ಗಾರೆಯವರು ಗೋಡೆಗೆ ಹಿಡಿಯುವ ದಾರ, ತೇಲಲಿಕ್ಕೆ ಹವಾಯಿ ಚಪ್ಪಲಿಯ ಒಂದು ತುಂಡು, ತುದಿಯಲ್ಲಿ ಅವಳಪ್ಪ ಊರಿಂದ ತಂದಿಟ್ಟುಕೊಂಡಿದ್ದ ಗಾಳ. ಸಾಬಣ್ಣನಿಗೆ ಹದಿನೈದು ದಿನ ಜ್ವರ ಕಾಡಿತ್ತು. ಜ್ವರ ಬಿಟ್ಟರೂ ಬಾಯಿ ಕೆಟ್ಟು ಐದು ದಿನದಿಂದ ಅನ್ನ ಮುಟ್ಟಿರಲಿಲ್ಲವಂತೆ. ಮೀನಿನ ಸಾರಾದರೆ ಉಂಡೇನು ಎಂದಿದ್ದನಂತೆ. ಭೀಮಿ ನಾಲ್ಕು ದಿನ ಆಚೆ ದಡದಲ್ಲಿ ಎರೆಹುಳ ಕಟ್ಟಿ ಕೂತರೂ ಸಿಕ್ಕಿದ್ದು ಒಂದು ಏಡಿ. "ಎಲ್ಲಾ ಮೀನ ನಿಮ್ಮ ಆಯಿ ಹಂತೇಕ ಬರ್ತಾವ. ಹುಳ ಕೊಟ್ರ ಮಾರಿ ತಿರುವ್ತಾವ. ಬೆಲ್ಲದ ಚಟಾ ಹಚ್ಚ್ಯಾಳ ಮುದುಕಿ," ಎಂದು ಅವಳು ನನ್ನ ಡಬ್ಬಿಯನ್ನೇ ನೋಡಿದಳು. ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ಡಬ್ಬಿ ತೆರೆದು ಕೊಟ್ಟೆ.

ಆ ದಿನದಂಥ ದಿನ ನನ್ನ ಜೀವನದಲ್ಲಿ ಮತ್ತೊಂದು ಬರಲಿಲ್ಲ, ನಾಚಿಕೆಯಿಲ್ಲದೆ ಹೇಳುತ್ತೇನೆ. ಮಂಜು ಕರಗಿತು, ಬಿಸಿಲು ಬಂತು, ನೀರು ಬೆಳ್ಳಗೆ ಹೊಳೆಯಿತು. ಮೀನುಗಳು ಮೊದಮೊದಲು ನಮ್ಮನ್ನು ಚೆನ್ನಾಗಿ ಮೂರ್ಖರನ್ನಾಗಿ ಮಾಡಿದವು. ಗಾಳಕ್ಕೆ ಬಾಯಿ ತಾಗಿಸದೆ ಸುತ್ತಲಿನ ಕಣಕವನ್ನಷ್ಟೇ ತಿಂದು ಹೋಗುತ್ತಿದ್ದವು. ನಾನು ಕೋಲು ಹಿಡಿದಾಗ ಗಾಳ ಹಿಂದಕ್ಕೆ ಹಾರಿ ನನ್ನದೇ ಲಂಗಕ್ಕೆ ಸಿಕ್ಕಿಕೊಂಡಿತು. "ಅಯ್ಯಯ್ಯೋ, ಭಾಳ ದೊಡ್ಡ ಮೀನ ಸಿಕ್ತಲೇ!" ಎಂದು ಭೀಮಿ ಬಿದ್ದು ಬಿದ್ದು ನಕ್ಕು, ನಗುತ್ತಲೇ ಜಾರಿ ನೀರಿಗೆ ಬಿದ್ದಳು. ಮೇಲೆದ್ದು ಕಲ್ಲಿನ ಮೇಲೆ ಬಟ್ಟೆ ಒಣಗಿಸಿಕೊಳ್ಳುತ್ತ, ಭೀಮಾ ನದಿಯಲ್ಲಿ ಎಮ್ಮೆಯಷ್ಟು ದೊಡ್ಡ ಮೀನು ಅವಳಪ್ಪನ ದೋಣಿಯನ್ನು ಎಳೆದುಕೊಂಡು ಹೋದ ಕಥೆ ಹೇಳಿದಳು. ನಾನು ತಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ ಇಬ್ಬರೂ ತಿಂದೆವು. ಕಾಲು ನೀರಿನಲ್ಲಿ ಇಳಿಬಿಟ್ಟುಕೊಂಡು, ಮಾತು ಮುಗಿದರೂ ಕೂತೇ ಇದ್ದೆವು.

ಬಿಸಿಲು ಇಳಿಯುವ ಹೊತ್ತಿಗೆ ಚಪ್ಪಲಿಯ ತುಂಡು ಒಮ್ಮೆಲೇ ಮುಳುಗಿತು. ಕೋಲು ಬಿಲ್ಲಿನ ಹಾಗೆ ಬಾಗಿತು. "ಹಿಡಿ ಸುಧಾ, ಬಿಡಬ್ಯಾಡ!" ಎಂದು ಭೀಮಿ ಕಿರುಚಿದಳು. ನಾನು ಅವಳ ಸೊಂಟ ಹಿಡಿದು ಎಳೆದೆ, ಅವಳು ಕೋಲು ಎಳೆದಳು, ಇಬ್ಬರೂ ಹಿಂದಕ್ಕೆ ಬಿದ್ದೆವು, ನಮ್ಮ ಮೇಲೆ ಮೊಣಕೈಯುದ್ದದ ಮೀನು ಬಿತ್ತು. ಕುಣಿದಾಡಿ ಅದನ್ನು ಬಕೀಟಿಗೆ ಹಾಕಿದ ಮೇಲೆ ನಾನು ಬಗ್ಗಿ ನೋಡಿದೆ. ಬಾಲ ಹರಿದಿತ್ತು.

"ಭೀಮಿ, ಇದು ಪಾರವ್ವ. ಬಿಟ್ಟುಬಿಡೋಣ," ಎಂದೆ. ಭೀಮಿ ಬಕೀಟನ್ನು ಎರಡೂ ಕಾಲಿನ ನಡುವೆ ಹಿಡಿದುಕೊಂಡಳು. "ನಮ್ಮಪ್ಪ ಉಂಡಿಲ್ಲ," ಎಂದಳು, ಅಷ್ಟೇ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ನನಗೆ ಅವಳಿಂದ ಕಿತ್ತುಕೊಳ್ಳಲೂ ಆಗಲಿಲ್ಲ, ತಗೊಂಡು ಹೋಗು ಎನ್ನಲೂ ಆಗಲಿಲ್ಲ. ಹಾಗೇ ನಿಂತಿದ್ದಾಗ ಏರಿಯ ಮೇಲಿಂದ ಆಯಿಯ ದನಿ ಕೇಳಿತು. "ಸುಧಾ! ಮೀನಿಗೆ ಹಾಕಿದ್ಯೋ ಇಲ್ಲೋ?"

ಆಯಿ ಕಾರ್ಯದ ಸೀರೆಯಲ್ಲೇ ಕಟ್ಟೆಗೆ ಬಂದಳು. ಬಕೀಟಿನಲ್ಲಿ ನೋಡಿದಳು. ಆಮೇಲೆ ಗಾಳವನ್ನು ನೋಡಿದಳು, ಅದಕ್ಕಿನ್ನೂ ಅವಳ ಕಣಕ ಅಂಟಿಕೊಂಡಿತ್ತು. ಮೆಟ್ಟಿಲ ಮೇಲೆ ಕುಸಿದು ಕೂತಳು. "ನನ್ನ ಹಿಟ್ಟಿನಾಗ ಗಾಳ ಇಟ್ರೇನ, ಖೋಡಿಗೋಳ್ರ್ಯಾ?" ಎಂದಳು. ಬೈದಿದ್ದರೆ, ಎರಡೇಟು ಹಾಕಿದ್ದರೆ ಚೆನ್ನಾಗಿತ್ತು, ಆ ದನಿ ನನಗೆ ತಡೆಯಲಾಗಲಿಲ್ಲ. ನಾನು ಅಳುತ್ತ ಎಲ್ಲ ಹೇಳಿದೆ. ಆಯಿ ಭೀಮಿಯ ಕಡೆ ತಿರುಗಿ, "ಎಷ್ಟು ದಿನಾತು ನಿಮ್ಮಪ್ಪ ಉಣಲಾರದ?" ಎಂದು ಕೇಳಿದಳು. ಭೀಮಿ ಐದು ಬೆರಳು ತೋರಿಸಿದಳು. ಆಯಿ ಗಾಳಕ್ಕೆ ಅಂಟಿದ್ದ ಕಣಕವನ್ನು ಉಗುರಿನಿಂದ ಬಿಡಿಸಿ ತೆಗೆದಳು. ಕೊನೆಗೆ, "ಒಯ್ಯಿ. ಮೆಣಸು ಜಾಸ್ತಿ ಕುಟ್ಟಿ ಹಾಕಂತ ಹೇಳು ನಿಮ್ಮವ್ವಗ. ಜ್ವರದ ಬಾಯಿಗೆ ಖಾರ ಬೇಕು," ಎಂದಳು. ಬೇಕರಿಯ ಮುಂದೆ ಮೂಗು ಮುಚ್ಚುವ ನನ್ನ ಆಯಿ ಮೀನಿನ ಸಾರಿಗೆ ಮೆಣಸು ಹೇಳಿಕೊಟ್ಟಳು!

ಭೀಮಿ ಬಕೀಟು ಎತ್ತಿದಾಗ ಆಯಿ ತಡೆದಳು. "ನಿಂದ್ರು. ಉಣಿಸೂದಾದ್ರ ಉಣಸ್ರಿ, ಹಿಡಿಯೂದಾದ್ರ ಆಚೆ ದಂಡ್ಯಾಗ ಹೋಗಿ ಹಿಡೀರಿ. ಒಂದರಾಗ ಒಂದು ಇಡಬ್ಯಾಡ್ರಿ." ಡಬ್ಬಿಯಲ್ಲಿ ಉಳಿದಿದ್ದ ಕಣಕವನ್ನು ನಮ್ಮಿಬ್ಬರ ಕೈಗೆ ಕೊಟ್ಟು, ಪ್ರತಿ ಉಂಡೆಯನ್ನೂ ಮುರಿದು, ಎರಡೂ ಹೋಳನ್ನು ಅಂಗೈಯಲ್ಲಿಟ್ಟು ನೀರಿಗೆ ತೋರಿಸಿ ಹಾಕಿಸಿದಳು, ಒಳಗೆ ಗಾಳ ಇಲ್ಲವೆಂದು. ಅವತ್ತು ಒಂದು ಮೀನೂ ಬರಲಿಲ್ಲ. ಮರುದಿನವೂ ಬರಲಿಲ್ಲ. ಭೀಮಿ ದಿನಾ ಬೆಳಿಗ್ಗೆ ಬಂದು ಆಯಿಯ ಪಕ್ಕ ಕೂತು ಉಂಡೆ ಮುರಿದು ತೋರಿಸಿದಳು. ನಾಲ್ಕನೇ ದಿನ ಬೆರಳುದ್ದದ ಒಂದು ಮರಿಮೀನು ಬಂತು. ಆಯಿ ಅದಕ್ಕೆ ಭೀಮವ್ವ ಎಂದೇ ಹೆಸರಿಟ್ಟಳು. ಪಾರವ್ವನನ್ನು ಒಯ್ದ ರಾತ್ರಿ ಸಾಬಣ್ಣ ಎರಡು ತಾಟು ಅನ್ನ ಉಂಡಿದ್ದನಂತೆ. ಮುಂದೆ ಕೈಕಾಲಿಗೆ ಬಲ ಬಂದ ಮೇಲೆ ಸಿಮೆಂಟು ಕಲಸಿಕೊಂಡು ಬಂದು, ಆಯಿ ಕೂರುತ್ತಿದ್ದ ಮುರುಕು ಮೆಟ್ಟಿಲನ್ನು ತಾನೇ ಸರಿಮಾಡಿ, "ಇನ್ನ ಜಾರೂದಿಲ್ರಿ ಆಯಿ," ಎಂದು ಹೇಳಿ ಹೋದ.

ಆಯಿ ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಹೆಂಚಿನ ಮನೆ ಇಲ್ಲ, ಬೇವಿಲ್ಲ. ಹಂಡೆ ಯಾರ ಮನೆಗೆ ಹೋಯಿತೋ ಗೊತ್ತಿಲ್ಲ. ಕೆರೆ ಅರ್ಧವಾಗಿದೆ, ಸುತ್ತ ಕಂಬಿ ಹಾಕಿದ್ದಾರೆ, ಶೂ ಹಾಕಿದವರು ಬೆಳಿಗ್ಗೆ ಅದನ್ನು ಸುತ್ತುತ್ತಾರೆ. ಕಟ್ಟೆ ಮಾತ್ರ ಉಳಿದಿದೆ, ಸಾಬಣ್ಣನ ಸಿಮೆಂಟಿನ ತೇಪೆಯೂ ಇದೆ. ಭೀಮಿ ಈಗ ಸ್ಟೇಷನ್ನಿನ ಹತ್ತಿರ ಮೀನು ಮಾರುತ್ತಾಳೆ. ಮೊನ್ನೆ ಆ ಬೆಲ್ಲದ ಹಿಟ್ಟು ಕಟ್ಟಿಕೊಂಡು ನಾನು ಕಟ್ಟೆಗೆ ಹೋದೆ. ಪ್ರತಿ ಅಮಾವಾಸ್ಯೆಯ ಹಾಗೆ, ಅಂಗಡಿ ತೆರೆಯುವ ಮುಂಚೆ ಅವಳೂ ಅಲ್ಲಿ ಬಂದು ಕೂತಿದ್ದಳು, ಮಡಿಲಲ್ಲಿ ಕಣಕ.

"ಇಲ್ಲಿ ಉಣಸ್ತಿ, ಅಲ್ಲಿ ಇವರ ಬೀಗರನ್ನ ತಕ್ಕಡಿಗೆ ಹಾಕ್ತಿ," ಎಂದು ರೇಗಿಸಿದೆ.

"ಅಂಗಡಿ ಅಂಗಡಿ, ಕಟ್ಟಿ ಕಟ್ಟಿ. ಒಂದರಾಗ ಒಂದು ಇಡಬ್ಯಾಡಂದಾಳ ಆಯಿ," ಎಂದು ಭೀಮಿ ನಕ್ಕಳು. ನಾನು ಒಂದು ಉಂಡೆ ತೆಗೆದು ಹಾಗೇ ಎಸೆಯಲು ಹೋದೆ. ಅವಳು ನನ್ನ ಮುಂಗೈಗೆ ಹೊಡೆದಳು. "ತೋರ್ಸು ಮೊದಲ!"

ಮುರಿದು, ಎರಡೂ ಹೋಳನ್ನು ಅಂಗೈಯಲ್ಲಿಟ್ಟು ನೀರಿಗೆ ತೋರಿಸಿದೆ. ನೀರು ಅಲುಗಿತು, ಮೀನುಗಳು ಬಾಯಿ ತೆರೆದುಕೊಂಡು ಮೇಲೆ ಬಂದವು. ನಾನು ಏರಿಯ ಕಡೆ ತಿರುಗಿದೆ, ಆಯಿ ನೋಡಿದಳೋ ಇಲ್ಲವೋ ಎಂದು.