ಗುನ್ವೋರಳ ಬಾಯಿ ಕಟ್ಟಿದ ಸಂಜೆ

ಏಳು ಕಣಿವೆ ಜಾಲಾಡಿದರೂ ನಮ್ಮ ಮಿರ್ಕ್‌ದಾಲ್ ಕಣಿವೆಯ ಗುನ್ವೋರ್ ಬೈಯಲಾರದಂಥ ಗಂಡಸು ಒಬ್ಬನೂ ಸಿಗುವುದಿಲ್ಲ. ಇದು ನಾನೊಬ್ಬ ಹೇಳುವ ಮಾತಲ್ಲ. ಅವಳ ಬಾಯಿಗೆ ಸಿಕ್ಕ ಮದುಮಗಂದಿರೆಲ್ಲ ಒಪ್ಪಿಕೊಂಡದ್ದು. ಅವಳು ಹೊಲದಂಚಿಗೆ ನಿಂತು ಗಂಟಲು ಸರಿಮಾಡಿಕೊಂಡರೆ ಹಸುವಿನ ಕೆಚ್ಚಲಲ್ಲೇ ಹಾಲು ಒಡೆಯುತ್ತಿತ್ತು. ಒಮ್ಮೆ ಅವಳ ಬೈಗುಳವೊಂದು ಗುರಿ ತಪ್ಪಿ ಬೇಲಿಯ ಗೂಟಕ್ಕೆ ಬಡಿದು, ಆ ಗೂಟ ಇವತ್ತಿಗೂ ನಾಚಿಕೆಯಿಂದ ತಲೆ ಬಗ್ಗಿಸಿಕೊಂಡೇ ನಿಂತಿದೆ. ನಂಬದವರು ಹೋಗಿ ನೋಡಬಹುದು.

ಬೈಯುವುದು ಅವಳ ಚಟವಲ್ಲ, ಕಸುಬು. ನಮ್ಮಲ್ಲಿ ಮದುಮಗನನ್ನು ಬೈಯದೆ ಮದುವೆ ಮಾಡುವಂತಿಲ್ಲ. ಪಡುವಣ ಗುಡ್ಡದ ರಕ್ಕಸಿಯರಿಗೆ ಗಂಡಸರಿಲ್ಲ. ರಕ್ಕಸ ಜಾತಿಗೆ ಬಿಸಿಲು ತಾಗಿದರೆ ಮೈ ಕಲ್ಲಾಗುತ್ತದೆ; ಇದ್ದ ಗಂಡಸರೆಲ್ಲ ಮೈಮರೆತು ಬಿಸಿಲಿಗೆ ಸಿಕ್ಕಿ ಬಂಡೆಗಳಾದರು. ಈಗ ನಮ್ಮ ಆಡುಗಳು ಅವರ ಬೆನ್ನ ಮೇಲೆ ಮಲಗಿ ಮೆಲುಕು ಹಾಕುತ್ತವೆ. ಹಾಗಾಗಿ ಕಣಿವೆಯಲ್ಲಿ ಒಳ್ಳೆಯ ಗಂಡೊಂದು ಮದುವೆಗೆ ನಿಂತಿದೆ ಎಂದು ಗೊತ್ತಾದರೆ ರಕ್ಕಸಿಯರು ಬಂದು ಎತ್ತಿಕೊಂಡು ಹೋಗುತ್ತಾರೆ. ಅದಕ್ಕೇ ಮದುವೆಯ ದಿನ ಗಡಿಕಲ್ಲಿನ ಪಕ್ಕ ಬೋರಲು ಹಾಕಿದ ಪೀಪಾಯಿಯ ಮೇಲೆ ಮದುಮಗನನ್ನು ನಿಲ್ಲಿಸಿ, ಹೆಣ್ಣಿನ ಕಡೆಯವರು ಅವನ ಕುಂದುಗಳನ್ನು ಗುಡ್ಡಕ್ಕೆ ಕೇಳುವಂತೆ ಕೂಗಿ ಹೇಳಬೇಕು. ಗುಡ್ಡದ ನೆರಳು ಪೀಪಾಯಿಯನ್ನು ಮುಟ್ಟುವುದರೊಳಗೆ ರಕ್ಕಸಿಯರು “ಥೂ, ಬೇಡ” ಎಂದು ಉಗಿದು ತಿರುಗಬೇಕು. ಮುಟ್ಟಿತೋ, ಮದುಮಗ ಅವರವನು. ಇದರಲ್ಲಿ ಸುಳ್ಳು ನಡೆಯುವುದಿಲ್ಲ. ಸುಳ್ಳಿನ ವಾಸನೆ ಅವರ ಮೂಗಿಗೆ ಮೂರು ಹರದಾರಿ ದೂರದಿಂದ ಬಡಿಯುತ್ತದೆ. ನಡುಮಧ್ಯಾಹ್ನದ ಬಿಸಿಲಲ್ಲಿ ಕದ್ದು ಮದುವೆ ಮುಗಿಸಿದ ಜಾಣರೂ ಇದ್ದರು. ಅವರ ಮದುಮಗನನ್ನು ಅದೇ ಸಂಜೆ ಗಂಜಿಯ ಬಟ್ಟಲಿನ ಸಮೇತ ಎತ್ತಿಕೊಂಡು ಹೋದರು. ಬಟ್ಟಲನ್ನು ಮಾತ್ರ ತೊಳೆದು ವಾಪಸು ಕಳಿಸಿದರು.

ಗುನ್ವೋರಳಿಗೆ ಈ ಕಸುಬು ಅಜ್ಜಿಯಿಂದ ಬಂದದ್ದು. ಮದುವೆ ಗೊತ್ತಾದ ಮನೆಗೆ ಅವಳು ಮೊದಲೇ ಹೋಗಿ ಒಲೆಯ ಪಕ್ಕ ಕೂರುವಳು. ಗಂಡು ಹೇಗೆ ತಿನ್ನುತ್ತಾನೆ, ತಾಯಿಗೆ ಹೇಗೆ ಉತ್ತರ ಕೊಡುತ್ತಾನೆ, ನಾಯಿಗೆ ಒದೆಯುತ್ತಾನೋ ಇಲ್ಲವೋ, ಎಲ್ಲ ನೋಡಿಕೊಂಡು ಬರುವಳು. ಇಷ್ಟು ನೋಡುವ ಹೆಂಗಸನ್ನು ಯಾರು ಕಟ್ಟಿಕೊಳ್ಳುತ್ತಾರೆ? ಅವಳ ಜೊತೆಯ ಹುಡುಗಿಯರೆಲ್ಲ ಕೆಂಪು ತಲೆವಸ್ತ್ರ ಕಟ್ಟಿ ಗಂಡನ ಮನೆ ಸೇರಿದರು. ಗುನ್ವೋರ್ ಅವರ ಮದುವೆಗಳಲ್ಲಿ ಬೈದು, ಉಂಡು, ಒಬ್ಬಳೇ ಮನೆಗೆ ಬಂದಳು.

ಊರ ಗೌಡನ ಹೆಂಡತಿ ರಾನ್ವೇಗ್ ಒಮ್ಮೆ ಬಾವಿಯ ಹತ್ತಿರ ಹೇಳಿಯೂ ಬಿಟ್ಟಳು. “ಮದುವೆ ಗಿದುವೆ ಅಂತ ನೀನು ಆಸೆ ಇಟ್ಕೋಬೇಡ ಕಣೇ. ನಿನ್ ಬಾಯಿ ಊರಿನ ಸ್ವತ್ತು. ಒಬ್ಬ ಗಂಡಸಿಗೆ ಬರೆದು ಕೊಡಕ್ಕಾಗುತ್ತಾ?”

“ಹಾಗಾದ್ರೆ ಚಳಿಗಾಲಕ್ಕೆ ಊರೇ ಬಂದು ನನ್ ಪಕ್ಕ ಮಲಗಲಿ ಗೌಡ್ತೀ. ಕಾಲು ಕೊರೀತದೆ,” ಎಂದಳು ಗುನ್ವೋರ್.

ತಲೆ ನರೆತ ಮೇಲೆ ಅವಳಿಗೆ ಅಸ್ಲಾಕ್ ಗಂಟುಬಿದ್ದ. ಮನೆಗಳ ಮಾಡಿಗೆ ಹುಲ್ಲುಹೆಂಟೆ, ಅಂದರೆ ಬೇರು ಮಣ್ಣು ಸಮೇತ ಕಿತ್ತ ಹುಲ್ಲು, ಹೊದಿಸುವವನು. ಹೆಂಡತಿ ಜ್ವರದಲ್ಲಿ ತೀರಿಕೊಂಡು ಬಹಳ ಕಾಲವಾಗಿತ್ತು. ಹಿಮ ಕರಗಿದ ಮೇಲೆ ಗುನ್ವೋರಳ ಮಾಡು ಸರಿಮಾಡಲು ಬಂದವನು ಕೆಲಸ ಮುಗಿದರೂ ಕೆಳಗಿಳಿಯಲಿಲ್ಲ. ಅಲ್ಲಿಂದಲೇ ಕೇಳಿದ:

“ಗುನ್ವೋರ್, ನಾನು ಇಳಿದು ಮನೆಗೆ ಹೋಗ್ಲಾ, ಇಳಿದು ಒಳಗೆ ಬರ್ಲಾ?”

“ಮೊದ್ಲು ಇಳಿ ಮಾರಾಯ. ಬಿದ್ದು ಸತ್ತರೆ ಎರಡೂ ಇಲ್ಲ.”

ಅವನು ಇಳಿದ. ಒಳಗೆ ಹೋದ. ಅವಳು ಅವನಿಗೆ ಬಾರ್ಲಿ ಗಂಜಿ ಬಡಿಸಿ, ಎದುರಿಗೆ ಕೂತು, ತಾನು ಉಣ್ಣುವುದನ್ನೇ ಮರೆತಳಂತೆ. ಮಾರನೆಯ ದಿನ ಪೆಟ್ಟಿಗೆಯ ತಳದಿಂದ ಅಮ್ಮನ ಕೆಂಪು ತಲೆವಸ್ತ್ರ ತೆಗೆದು ಬೇಲಿಯ ಮೇಲೆ ಬಿಸಿಲಿಗೆ ಹಾಕಿದಳು. ಇಡೀ ಊರು ಅದನ್ನು ನೋಡಲೆಂದೇ ಆ ದಾರಿಯಲ್ಲಿ ಓಡಾಡಿತು. ಹಾಸಿಗೆ ಬಿಟ್ಟು ಏಳದ ಮುದುಕರೂ ಎದ್ದು ಬಂದರು, ಅವರಲ್ಲಿ ಇಬ್ಬರಿಗೆ ಕಾಯಿಲೆಯೇ ವಾಸಿಯಾಯಿತು.

ಬೈಯುವವಳೇ ಮದುಮಗಳಾದರೆ ಈಗ ಮದುಮಗನನ್ನು ಬೈಯುವವರು ಯಾರು? ಪಕ್ಕದ ಕಣಿವೆಯ ಕೇತಿಲ್ ಮುದುಕನನ್ನು ಕರೆಸಿ ಒಂದು ಹೋತದ ಮೇಲೆ ಪರೀಕ್ಷೆ ಮಾಡಿಸಿದರು. ಹಲ್ಲಿಲ್ಲದ ಬಾಯಿಂದ ಹೊರಟ ಬೈಗುಳ ಅವನ ಗಡ್ಡದಲ್ಲೇ ಸಿಕ್ಕಿಕೊಂಡಿತು. ಹೋತ ಬಂದು ಅವನ ಕೈ ನೆಕ್ಕಿತು.

“ನಾನೇ ಬೈತೀನಿ ಬಿಡಿ,” ಎಂದಳು ಗುನ್ವೋರ್. “ಅವನ ಮೊದಲನೇ ಮದುವೇಲಿ ಬೈದೋಳೂ ನಾನೇ. ಇಪ್ಪತ್ತು ವರ್ಷ ಕಳೆದಿದೆ. ಕುಂದು ಬಡ್ಡಿ ಸಮೇತ ಬೆಳೆದಿರ್ತದೆ.”

ಮದುವೆಯ ದಿನ ಬಂತು. ಒಣಮೀನು, ಗಿಣ್ಣು, ಬಾರ್ಲಿ ಬಿಯರು ಎಲ್ಲ ಸಿದ್ಧವಾಗಿತ್ತು. ಅಸ್ಲಾಕನನ್ನು ಪೀಪಾಯಿ ಹತ್ತಿಸಿದರು. ಗುಡ್ಡದ ನೆರಳು ಹುಲ್ಲಿನ ಮೇಲೆ ತೆವಳುತ್ತ ಬಂತು. ನೆರಳಿನ ಅಂಚಿಗೆ ಸರಿಯಾಗಿ ಕಾಲಿಟ್ಟುಕೊಂಡು ಮುದಿ ರಕ್ಕಸಿಯೂ ಬಂದಳು. ಮನೆಬಾಗಿಲಷ್ಟು ಅಗಲದ ಅಂಗೈ, ಕೂದಲಲ್ಲಿ ಕಾಗೆಗೂಡು, ಗೂಡಲ್ಲಿ ಮರಿಗಳೂ ಇದ್ದವು. ಮಿಕ್ಕ ರಕ್ಕಸಿಯರು ಹಿಂದೆ ಬಂಡೆಗಳ ಮೇಲೆ ಕೂತರು.

ಗುನ್ವೋರ್ ಸೊಂಟಕ್ಕೆ ಕೈ ಕೊಟ್ಟು ಶುರು ಮಾಡಿದಳು. “ಇವನು ಗಂಜಿ ಕುಡಿದ್ರೆ ಕುದುರೆ ಕೆಸರಿಂದ ಕಾಲು ಕಿತ್ತ ಹಾಗೆ ಸದ್ದು! ಹೊಳೆ ಆಚೆಗೆ ಕೇಳುತ್ತೆ!”

ರಕ್ಕಸಿ ಮೂಗರಳಿಸಿದಳು. “ಸುಳ್ಳು.”

ಜನ ಅಸ್ಲಾಕನ ಕಡೆ ನೋಡಿದರು. ಅವನ ನೆರೆಮನೆಯವನು ತಲೆ ಕೆರೆದುಕೊಂಡ. “ಹೌದಲ್ಲ, ಈಗ ಸದ್ದೇ ಇಲ್ಲ. ಬೆಕ್ಕಿನ ಹಾಗೆ ಕುಡೀತಾನೆ.”

“ಊರಿಗೆಲ್ಲ ಮಾಡು ಹೊದಿಸ್ತಾನೆ, ಸ್ವಂತ ಮನೆ ಸೋರುತ್ತೆ!”

“ಸುಳ್ಳು.”

“ಸತ್ತ ಅಪ್ಪನ ಬೂಟು ಹಾಕ್ಕೊಂಡು ಬಾತುಕೋಳಿ ಹಾಗೆ ನಡೀತಾನೆ!”

ಅಸ್ಲಾಕ್ ಮೆಲ್ಲಗೆ ಒಂದು ಕಾಲೆತ್ತಿ ತೋರಿಸಿದ. ಬೂಟು ಅವನ ಅಳತೆಯದೇ ಆಗಿತ್ತು.

“ಕೊಡಲಿ ಕಡ ತಂದ್ರೆ ವಾಪಸು ಕೊಡಲ್ಲ!” ಗುನ್ವೋರಳ ದನಿ ಸ್ವಲ್ಪ ಒಡೆಯಿತು.

“ಕೊಟ್ಟ ಕಣಮ್ಮ,” ಎಂದ ಹಿಂದಿನ ಸಾಲಿನಿಂದ ಕಮ್ಮಾರ. “ಸಾಣೆ ಹಿಡಿಸಿ ಕೊಟ್ಟ.”

ನೆರಳಿನ ಜೊತೆಗೇ ರಕ್ಕಸಿ ಎರಡು ಹೆಜ್ಜೆ ಮುಂದೆ ಬಂದಳು. ಹಿಂದೆ ಬಂಡೆಗಳ ಮೇಲೆ ಕೂತಿದ್ದ ರಕ್ಕಸಿಯರು ಕೂದಲು ಸರಿಮಾಡಿಕೊಳ್ಳತೊಡಗಿದರು.

ಗುನ್ವೋರ್ ಪೀಪಾಯಿಯ ಹತ್ತಿರ ಹೋಗಿ ಹಲ್ಲು ಕಚ್ಚಿ ಕೇಳಿದಳು. “ಏನೋ ಇದು? ಎಲ್ಲೋ ಹೋಯ್ತು ಎಲ್ಲಾ?”

“ನೀನೇ ಅಂದಿದ್ದೆಯಲ್ಲ ಆವತ್ತು,” ಎಂದ ಅಸ್ಲಾಕ್. “ಕೇಳಿದ ಮೇಲೆ ಸರಿ ಅನ್ನಿಸ್ತು. ಒಂದೊಂದಾಗಿ ತಿದ್ಕೊಂಡೆ.”

“ಯಾರೋ ಹೇಳಿದ್ರು ತಿದ್ಕೋ ಅಂತ? ಅದು ಬೈಗುಳ ಕಣೋ, ಬುದ್ಧಿವಾದ ಅಲ್ಲ!”

ನಮ್ಮ ಕಣಿವೆಯಲ್ಲಿ ಇಂಥ ತಪ್ಪು ಮಾಡಿದವನು ಅವನೊಬ್ಬನೇ. ಮಿಕ್ಕ ಗಂಡಸರಿಗೆ ಪೀಪಾಯಿಯಿಂದ ಇಳಿದು ಮೊದಲ ಲೋಟ ಬಿಯರು ಕುಡಿಯುವಷ್ಟರಲ್ಲಿ ಬೈಸಿಕೊಂಡದ್ದು ಮರೆತು ಹೋಗಿರುತ್ತದೆ. ನಾನಂತೂ ಪೀಪಾಯಿಯ ಮೇಲೆ ನಿಂತಿದ್ದಾಗಲೇ ಮರೆತಿದ್ದೆ.

ಬೇರೆ ಕುಂದು ಹೇಳಬಹುದಿತ್ತು. ಆದರೆ ಅವಳ ಹತ್ತಿರ ಇರಲಿಲ್ಲ. ಊರಿನ ಗಂಡುಗಳ ಮನೆಗಳಲ್ಲೆಲ್ಲ ಕೂತು ಕುಂದು ಹೆಕ್ಕಿ ತಂದವಳು, ಅಸ್ಲಾಕನ ಮನೆಗೆ ಹೋಗಿ ಬರೀ ಕೂತು ಬಂದಿದ್ದಳು. ಅವಳು ಬಾಯಿ ತೆರೆದಳು, ಮುಚ್ಚಿದಳು. ಜನ ತಮ್ಮ ಕಿವಿ ಕೆಟ್ಟಿತೆಂದು ಕಿವಿಗೆ ಬೆರಳು ಹಾಕಿ ನೋಡಿಕೊಂಡರು. ನೆರಳಿಗೂ ಪೀಪಾಯಿಗೂ ನಡುವೆ ಒಂದು ಗೇಣು ಬಿಸಿಲು ಉಳಿದಿತ್ತು.

“ಮುಗೀತಾ ಹುಡುಗೀ?” ಎಂದಳು ರಕ್ಕಸಿ. “ಒಳ್ಳೇ ಗಂಡು. ಸದ್ದಿಲ್ಲದೆ ಉಣ್ತಾನೆ, ಮಾಡು ಹೊದಿಸ್ತಾನೆ, ತಂದದ್ದು ವಾಪಸು ಕೊಡ್ತಾನೆ. ನಮ್ ಗವಿ ಬಹಳ ಸೋರುತ್ತೆ.” ಬಾಗಿಲಗಲದ ಕೈಯನ್ನು ನೆರಳಿನ ಅಂಚಿನವರೆಗೆ ಚಾಚಿ ಕಾದಳು.

ಅಸ್ಲಾಕನ ಮುಖ ಬಿಳಿಚಿಕೊಂಡಿತು. ಅದನ್ನು ನೋಡಿದ ಗುನ್ವೋರ್ ತಲೆಯ ಕೆಂಪು ವಸ್ತ್ರ ಕಿತ್ತು, ನರೆಗೂದಲು ಬಿಟ್ಟುಕೊಂಡು, ರಕ್ಕಸಿಯ ಎದುರಿಗೇ ಹೋಗಿ ನಿಂತಳು.

“ಏಯ್ ಗುಡ್ಡದವಳೇ! ಇವನ ಕುಂದು ಇಲ್ಲಿ ನಿಂತಿದೆ, ಸರಿಯಾಗಿ ನೋಡ್ಕೋ. ಇಪ್ಪತ್ತು ವರ್ಷದ ಹಿಂದೆ ಊರೆಲ್ಲ ಕೇಳೋ ಹಾಗೆ ಇವನ ಮಾನ ತೆಗೆದೋಳು ನಾನು. ಮಾನ ಇರೋ ಗಂಡಸು ಆಗಿದ್ರೆ ನನ್ ಬಾಗಿಲ ಕಡೆ ತಲೆ ಹಾಕಿ ಮಲಗ್ತಿರಲಿಲ್ಲ. ಇವನು ಏನು ಮಾಡ್ದ? ಏಳು ಕಣಿವೇಲಿ ಮೆದು ಮಾತಿನ ಹೆಂಗಸರು ಸಾಲುಗಟ್ಟಿದ್ದಾರೆ. ಅವರನ್ನೆಲ್ಲ ಬಿಟ್ಟು, ನನ್ ಮಾಡು ಹತ್ತಿ ಕೂತು, ದಿನಾ ಈ ಬಾಯಿ ಬೇಕು ಅಂದ! ಅದೂ ಕುಡಿದು ಅಲ್ಲ, ಹಗಲು ಹೊತ್ತು, ನೆಟ್ಟಗೆ ಎಚ್ಚರ ಇದ್ದು! ತಲೆ ಸರಿ ಇರೋನು ಮಾಡೋ ಕೆಲಸಾನಾ ಇದು? ಹೇಳು ನೀನೇ!”

ರಕ್ಕಸಿ ಮೂಗು ಚಾಚಿ ಗಾಳಿ ಎಳೆದುಕೊಂಡಳು. ಅವಳು ಎಳೆದ ಜೋರಿಗೆ ಊಟದ ಹಲಗೆಯ ಮೇಲಿದ್ದ ಎರಡು ಒಣಮೀನು ಹಾರಿಹೋದವು. ಗುನ್ವೋರಳನ್ನು ನೋಡಿದಳು. ಪೀಪಾಯಿಯ ಮೇಲಿದ್ದವನನ್ನು ನೋಡಿದಳು. ಅಸ್ಲಾಕ್ ಹೌದೆಂದು ತಲೆ ಆಡಿಸಿದ.

“ನಿಜ,” ಎಂದಳು ರಕ್ಕಸಿ, ಸಂಕಟದಿಂದ. “ಇವನಿಗೆ ತಲೆ ಪೂರ್ತಿ ಕೆಟ್ಟಿದೆ. ಥೂ, ಬೇಡ.”

ಅವಳು ತಿರುಗಿ ಗುಡ್ಡ ಹತ್ತಿದಳು. ಮಿಕ್ಕವರೂ ಗೊಣಗುತ್ತ ಹಿಂದೆ ಹೋದರು. ಅಷ್ಟರಲ್ಲಿ ನೆರಳು ಬಂದು ಪೀಪಾಯಿ ಮುಟ್ಟಿತು. ಗುನ್ವೋರ್ ಅಸ್ಲಾಕನ ಕೈ ಹಿಡಿದು ಇಳಿಸಿಕೊಂಡಳು.

ಊಟಕ್ಕೆ ಕೂತಾಗ ಗೌಡ್ತಿ ರಾನ್ವೇಗ್‌ಗೆ ಸುಮ್ಮನಿರಲಾಗಲಿಲ್ಲ. “ಏನೇ ಗುನ್ವೋರ್, ಏಳು ಕಣಿವೆಗೆ ಹೆಸರಾದ ಬಾಯಿ ಅಂತ ಹೇಳ್ಕೊಂಡು ತಿರುಗ್ತಿದ್ವಲ್ಲ! ಕಟ್ಟಿಕೊಳ್ಳೋ ಗಂಡನಿಗೆ ನಿನ್ ಹತ್ರ ಇದ್ದದ್ದು ಒಂದೇ ಬೈಗುಳಾನಾ? ಅದ್ರಲ್ಲೂ ಅರ್ಧ ನಿನಗೇ ತಾಗ್ತು.”

ಗುನ್ವೋರ್ ಗಂಡನ ಬಟ್ಟಲಿಗೆ ಗಂಜಿ ಬಡಿಸಿ, ಸೌಟು ಕೆಳಗಿಟ್ಟಳು.

“ಎಲ್ಲಾನೂ ಇವತ್ತೇ ಬೈದು ಮುಗಿಸಿಬಿಟ್ರೆ, ನಾಳೆಯಿಂದ ಸಂಸಾರ ಮಾಡೋದು ಹೇಗೆ ಗೌಡ್ತೀ?”