ಬಚ್ಚಲುಮನೆಯ ಹೊರಮೂಲೆ

ಎದುರುಮನೆಯಲ್ಲಿ ಬೆಳಿಗ್ಗೆಯಿಂದ ಟೈಲ್ಸ್ ಕೊಯ್ಯುತ್ತಿದ್ದಾರೆ. ಯಂತ್ರದ ಕಿರುಚಾಟವನ್ನಾದರೂ ಕಿಟಕಿ ಮುಚ್ಚಿ ತಡೆಯಬಹುದು, ಆ ಸುಟ್ಟ ಮಣ್ಣಿನ ವಾಸನೆಯನ್ನು ತಡೆಯಲಾಗುವುದಿಲ್ಲ. ಕೆಜಿಎಫ್‌ನ ಆಂಡರ್ಸನ್‌ಪೇಟೆಯ ನಮ್ಮ ಬೀದಿಯಲ್ಲಿ ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರ ಮನೆಯಲ್ಲಿ ಸೀನು ಬರುತ್ತದೆ. ಕಾಫಿಯ ಜೊತೆ ಅಷ್ಟು ಧೂಳನ್ನೂ ಕುಡಿಯುತ್ತ ಕುಳಿತವನಿಗೆ ದೊಡ್ಡಪ್ಪನ ಬಚ್ಚಲುಮನೆ ನೆನಪಾಯಿತು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ; ನಿವೃತ್ತನಾದ ಮೇಲೆ ನನಗಂತೂ ಅದೊಂದಕ್ಕೆ ಬರವಿಲ್ಲ.

ದೊಡ್ಡಪ್ಪ ಇದ್ದದ್ದು ಬಂಗಾರಪೇಟೆ ಹತ್ತಿರದ ಹಳ್ಳಿಯಲ್ಲಿ. ಕೆಜಿಎಫ್‌ನ ಚಿನ್ನದ ಗಣಿ ಮುಚ್ಚುವವರೆಗೆ ನೆಲದಡಿ ದುಡಿದು, ಆಮೇಲೆ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದರು. ವಯಸ್ಸಾದಂತೆ ಕಣ್ಣು ಮಬ್ಬಾಗುತ್ತ ಬಂದು ಕೊನೆಗೆ ಪೂರ್ತಿ ಹೋಯಿತು. ಅದನ್ನು ಅವರು ದೊಡ್ಡ ಸಂಗತಿ ಮಾಡಲಿಲ್ಲ. ಗಣಿಯೊಳಗೆ ದೀಪ ಆರಿದರೆ ಎಡಗೈಯನ್ನು ಗೋಡೆಗೆ ಊರಿ, ಕೈ ಕೀಳದೆ ನಡೆದು ಬರಬೇಕೆಂದು ಕಲಿತವರು; ಮನೆಯಲ್ಲೂ ಹಾಗೆಯೇ ಓಡಾಡಿದರು. ಊಟದ ತಟ್ಟೆ ಕೈಗೆ ಕೊಟ್ಟರೆ ತೆಗೆದುಕೊಳ್ಳುತ್ತಿದ್ದರು, ಚಪ್ಪಲಿ ಕಾಲಿಗೆ ಹಾಕಿದರೆ ಹಾಕಿಸಿಕೊಳ್ಳುತ್ತಿದ್ದರು. ಸ್ನಾನ ಮಾತ್ರ ಒಬ್ಬರೇ, ಒಳಗಿನಿಂದ ಚಿಲಕ ಹಾಕಿಕೊಂಡು.

ಅವರ ಮಗ ಮುನಿರಾಜ ಹಳೆಯ ಬಚ್ಚಲಿಗೆ ಟೈಲ್ಸ್ ಹಾಕಿಸಿದ್ದು ಅಪ್ಪನ ಮೇಲಿನ ಅಕ್ಕರೆಗೇ. ಪಾಚಿಯಲ್ಲಿ ಜಾರಿ ಬಿದ್ದಾರೆಂಬ ಭಯ. ನೆಲಕ್ಕೆ ಜಾರದ ಬಿಲ್ಲೆ, ಗೋಡೆಗೆ ಹೊಳೆಯುವ ತಿಳಿನೀಲಿ. ಬಾಗಿಲಿಗೂ ಹಂಡೆಗೂ ನಡುವೆ ಎದೆಮಟ್ಟದ ಮೋಟುಗೋಡೆಯಿತ್ತು. ಅದರ ತುದಿಯ ಮೂಲೆ ಹಿಡಿದು ತಿರುಗಿದರೇನೇ ದೊಡ್ಡಪ್ಪನಿಗೆ ಹಂಡೆ ಸಿಗುವುದು. ಒಳಮೂಲೆಯಲ್ಲಿ ಏನು ಎಡವಟ್ಟು ಮಾಡಿದರೂ ಸಿಮೆಂಟು ಮುಚ್ಚಿಕೊಳ್ಳುತ್ತದೆ. ಈ ಮೋಟುಗೋಡೆಯ ತುದಿಯಂಥ ಹೊರಮೂಲೆ ಹಾಗಲ್ಲ. ಅಲ್ಲಿ ಪ್ಲಾಸ್ಟಿಕ್ ಪಟ್ಟಿ ಕೂರಿಸಬೇಕು, ಇಲ್ಲವೇ ಎರಡು ಟೈಲ್ಸಿನ ಅಂಚನ್ನೂ ಹಿಂಬದಿಯಿಂದ ಓರೆಯಾಗಿ ಕೊಯ್ದು, ಹೊಳಪಿಗೆ ಹೊಳಪು ಕೂಡಿಸಬೇಕು. ಮೇಸ್ತ್ರಿ ಸೆಲ್ವಂ ಕೆಜಿಎಫ್‌ನವನು, ನಾನೇ ಕರೆದುಕೊಂಡು ಹೋಗಿದ್ದೆ. ಪಟ್ಟಿಯ ಮಾತೆತ್ತಿದರೆ ಅವನಿಗೆ ಅವಮಾನ.

"ಪಟ್ಟಿ ವೇಣಾಂ ಅಣ್ಣೇ, ಅದು ಕೈ ಬರದವ್ರು ಆಕೋದು. ನಾನು ಕ್ರಾಸ್ ಕಟ್ ಮಾಡಿ ಕೊಡ್ತೀನಿ. ಸಂದೀಲಿ ಕೂದ್ಲು ಕೂಡ ಓಗಲ್ಲ" ಎಂದ.

ಹಾಗೇ ಮಾಡಿದ. ಅಂಚು ಕೂಡಿದ ಜಾಗದಲ್ಲಿ ಒಂದು ಗೆರೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಟೈಲ್ಸಿನ ಗಂಧಗಾಳಿ ಇಲ್ಲದ ನಾನೂ ಸೊಂಟದ ಮೇಲೆ ಕೈಯಿಟ್ಟುಕೊಂಡು ಭೇಷ್ ಎಂದೆ. ಯಾರೂ ನನ್ನನ್ನು ಕೇಳಿರಲಿಲ್ಲ.

ಮೊದಲ ದಿನದ ಸ್ನಾನ ಮುಗಿಸಿ ದೊಡ್ಡಪ್ಪ ಟವೆಲನ್ನು ಅಂಗೈಗೆ ಸುತ್ತಿಕೊಂಡು ಹೊರಬಂದರು. ಅದು ಕೆಂಪಾಗಿದ್ದನ್ನು ಮೊದಲು ನೋಡಿದವಳು ಸೊಸೆ ರತ್ನಮ್ಮ. ಓರೆಯಾಗಿ ಕೊಯ್ದ ಅಂಚು ಬ್ಲೇಡಿನ ಹಾಗಿತ್ತು, ಮುದಿ ಚರ್ಮ ತೆಳು. ಗಾಯವೇನೂ ದೊಡ್ಡದಲ್ಲ. ಮುನಿರಾಜ ಮಾತ್ರ ಚೆನ್ನಾಗಿಯೇ ಹೆದರಿದ.

"ನೈನಾ, ನಾಳೆಯಿಂದ ನಾನೇ ನೀರು ಉಯ್ತೀನಿ. ನೀನು ಬಾಗ್ಲು ಆಕ್ಕೋಬ್ಯಾಡ" ಎಂದ ಅಪ್ಪನಿಗೆ.

"ಅಂಗಾದ್ರೆ ನಂಗೆ ಸ್ನಾನಾನೇ ಬ್ಯಾಡ ಬಿಡ್ಲಾ" ಎಂದರು ದೊಡ್ಡಪ್ಪ.

ಮುನಿಸಿನ ಮಾತು, ಸಂಜೆಗೆ ಇಳಿಯುತ್ತದೆ ಎಂದುಕೊಂಡೆವು. ಇಳಿಯಲಿಲ್ಲ. ವಾರ ಕಳೆದರೂ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು ಜಗಲಿಯ ಮೇಲೆ ಕೂತರು. ಮುನಿರಾಜ ಬೇಡಿದ, ಬೈದ; ರತ್ನಮ್ಮ ಅತ್ತಳು. ನೋಡಲು ಹೋದ ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು: "ಉಣ್ಣೋಕೆ ಇವ್ರು ಬೇಕು, ಬೀದೀಗೆ ಓಗೋಕೆ ಇವ್ರು ಬೇಕು. ಮೈನೂ ಇವ್ರ ಕೈಗೆ ಕೊಟ್ಬಿಟ್ರೆ ನಂದು ಅಂತ ಏನೈತೆ, ಯೋಳು."

ಸೆಲ್ವಂನನ್ನು ಮತ್ತೆ ಕರೆದುಕೊಂಡು ಹೋದೆ. ಮುಖ ಸಪ್ಪಗೆ ಮಾಡಿಕೊಂಡು, ಮೂಲೆ ಒಡೆದು ಪಟ್ಟಿ ಹಾಕುತ್ತೇನೆಂದ. ದೊಡ್ಡಪ್ಪ ಬಚ್ಚಲಲ್ಲೇ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದರು.

"ಒಡೀಬ್ಯಾಡ. ಕಲ್ಲು ತಕ್ಕೊಂಡು ಉಜ್ಜು."

"ಉಜ್ಜಿದ್ರೆ ಪಾಲಿಶ್ ಪೂರಾ ಓಯ್ತದೆ ತಾತ. ಒಳಗಿನ ಕೆಂಪು ಮಣ್ಣು ಕಾಣ್ತದೆ."

"ಯಾರಿಗೆ?" ಎಂದರು ದೊಡ್ಡಪ್ಪ.

ಸೆಲ್ವಂ ಉಜ್ಜಿದ. ದೊಡ್ಡಪ್ಪ ನಡುನಡುವೆ ಹೆಬ್ಬೆರಳು ಆಡಿಸಿ ನೋಡಿ "ಇನ್ನೊಸಿ" ಎನ್ನುವರು. ಕೊನೆಗೆ ನೀಲಿ ಗೋಡೆಯ ಮೂಲೆಯುದ್ದಕ್ಕೂ ಬೆರಳಗಲದ ಒರಟು ಕೆಂಪು ಪಟ್ಟೆ ಎದ್ದಿತು. ನೋಡಲು ಚೆನ್ನಾಗಿರಲಿಲ್ಲ, ಸುಳ್ಳು ಹೇಳಲಾರೆ. ನೆಂಟರು ಬಂದಾಗ ರತ್ನಮ್ಮ ಅದರ ಮೇಲೆ ಟವೆಲು ಇಳಿಬಿಡುತ್ತಿದ್ದಳು, ದೊಡ್ಡಪ್ಪ ತೆಗೆದು ಬಿಸಾಡುತ್ತಿದ್ದರು. ಹೊಸ ಗೋಡೆ ಎಲ್ಲ ಕಡೆಯೂ ಒಂದೇ ನುಣುಪು, ಎಲ್ಲಿ ಮುಗಿಯಿತೆಂದು ಒದ್ದೆ ಕೈಗೆ ತಿಳಿಯುತ್ತಿರಲಿಲ್ಲ ಎಂದು ಅವರು ಹೇಳಿದ್ದು ಆಮೇಲೆ. ಈಗ ಒರಟು ಸಿಕ್ಕಿದ ಕೂಡಲೇ ತಿರುಗಿದರಾಯಿತು.

ಮೂಲೆ ಉಜ್ಜಿಸಿದ ರಾತ್ರಿ ನಾನು ಅಲ್ಲೇ ಉಳಿದಿದ್ದೆ. ಮಾರನೆಯ ಬೆಳಿಗ್ಗೆ ಬಚ್ಚಲಿನ ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು. ಮುನಿರಾಜ ಹಾಲು ಕರೆಯುವುದನ್ನು ಬಿಟ್ಟು ಬಂದು ಬಾಗಿಲ ಹೊರಗೆ ನಿಂತ. ಮೈಮೇಲೆ ನೀರು ಬಿದ್ದ ಸದ್ದು ಬಂದ ಮೇಲೆ ಹಸುವಿನ ಹತ್ತಿರ ಹೋದ.

ಹೋದ ವರ್ಷ ತೀರಿಕೊಳ್ಳುವ ಹಿಂದಿನ ದಿನದವರೆಗೂ ದೊಡ್ಡಪ್ಪ ಹಾಗೆಯೇ ಸ್ನಾನ ಮಾಡಿದರು. ಅವರಿಗೆ ಬೇರೆಯವರು ನೀರು ಹುಯ್ದದ್ದು ಒಂದೇ ಸಲ, ಅಂಗಳದಲ್ಲಿ, ಹಲಗೆಯ ಮೇಲೆ ಮಲಗಿಸಿ. ಊರೇ ನೆರೆದಿತ್ತು. ಚೊಂಬು ಎತ್ತಿದ ಮುನಿರಾಜ ಹಾಗೇ ತಡೆದು, "ಸುತ್ತ ಪಂಚೆ ಇಡೀರಿ" ಎಂದ. ನಾವು ಕೆಲವರು ಪಂಚೆಗಳನ್ನು ಅಡ್ಡ ಹಿಡಿದು, ಯಾರೂ ಹೇಳದೆಯೇ ಆಚೆಗೆ ಮುಖ ತಿರುಗಿಸಿ ನಿಂತೆವು.

ಈಚೆಗೆ ನನ್ನ ಮಂಡಿಗಳೂ ಹೇಳಿದ ಮಾತು ಕೇಳುತ್ತಿಲ್ಲ. ಸ್ನಾನಕ್ಕೆ ಹೊರಟರೆ ಹೆಂಡತಿ, "ಚಿಲಕ ಆಕ್ಕೋಬ್ಯಾಡಿ, ಬಿದ್ರೆ ಏನು ಗತಿ" ಎನ್ನುತ್ತಾಳೆ. ಅವಳು ಹೇಳುವುದರಲ್ಲಿ ನ್ಯಾಯವಿದೆ. ಹೂಂ ಎಂದು ಒಳಗೆ ಹೋಗಿ, ಸದ್ದಾಗದ ಹಾಗೆ ಮೆಲ್ಲಗೆ ಚಿಲಕ ಹಾಕಿಕೊಳ್ಳುತ್ತೇನೆ.